ಎಚ್‌ಐವಿದ ಹೊಸಾ ಗುಳಗಿ ಟಿಎಲ್‌ಡಿ ಶುರು ಆದ ಮ್ಯಾಲ ಸೊಂಟ 30ರಿಂದ 34 ಆಗ್ಯಾದ, ಹಳೇ ಗುಳಗಿ ತಿರುಗಿ ಕೇಳಬಹುದೇನ್ರಿ?

ಸೂಜಿದಾರ (ಕಲಬುರಗಿ ಜಿಲ್ಲಾ)

ಶರಣ್ರಿ ಎಲ್ಲಾರಿಗೂ. ನಾ ಸೇಡಂ ಕಡಿ ಒಂದು ಸಣ್ಣ ಊರಾಗ ದರ್ಜಿ. ವಯಸ್ಸು 46. ನನಗ ಎಚ್‌ಐವಿ ಅದ, 2013ರಿಂದ ಅದರ ಎಆರ್‌ಟಿ ಗುಳಗಿ ತಗೋಲಕತ್ತೀನಿ. ನಮ್ಮ ಮನಿಯಾಕಿಗಿ ಇಲ್ಲ, ಮಕ್ಕಳಿಗೂ ಇಲ್ಲ. ಊರಾಗ ಈ ಮಾತು ಗೊತ್ತಿರೋದು ಆಕಿಗಿ ಮತ್ತ ನಮ್ಮ ಅಣ್ಣಗ ಅಷ್ಟೇ, ಅದಕ್ಕ ಹೆಸರು ಹಾಕಿಲ್ಲ.

ಮೊದಲ ನನಗ ಟಿಎಲ್‌ಇ ಅನ್ನೋ ಗುಳಗಿ ಇತ್ತು, ರಾತ್ರಿ ಮಲಗೋ ಮುಂದ ಒಂದು. ತಗೊಂಡವರಿಗಿ ಗೊತ್ತು ಅದರ ಕನಸು ಎಂಥವು ಅಂತ. ನನ್ನ ಕನಸಿನ್ಯಾಗ ಮಷೀನು ತಂತಾನೇ ಓಡ್ತಿತ್ತು, ಊರ ಹೆಣ್ಣಮಕ್ಕಳ ಬ್ಲೌಸಿಗೆಲ್ಲಾ ಮೂರು ಮೂರು ತೋಳು ಹಚ್ಚತಿತ್ತು, ನಾ ಬಿಚ್ಚಿದಂಗ ಬಿಚ್ಚಿದಂಗ ಮತ್ತ ಹಚ್ಚತಿತ್ತು. ಮುಂಜಾನಿ ಎದ್ದರ ತಲಿ ಗಿರ್ ಅಂತಿತ್ತು, ಸೂಜಿಗಿ ದಾರ ಪೋಣಿಸಲಿಕ್ಕ ನಾಕ ಸಲ ಬೇಕು. ಆದ್ರೂ ಎಂಟು ವರ್ಷ ನಡಸಿದೆ. ತೂಕ 58, ಸೊಂಟ 30, ಇದ್ದದ್ದು ಇದ್ದಂಗೇ.

2021ರಾಗ ಎಆರ್‌ಟಿ ಸೆಂಟರಿನ್ಯಾಗ ಬದಲಿ ಮಾಡಿ ಟಿಎಲ್‌ಡಿ (ಡೊಲುಟೆಗ್ರಾವಿರ್ ಇರೋ ಗುಳಗಿ) ಕೊಟ್ರು. ಕನಸು ನಿಂತವು, ಅದು ಖರೆ. ವೈರಲ್ ಲೋಡ್ (ರಕ್ತದಾಗ ವೈರಸ್ ಎಷ್ಟದ ಅನ್ನೋ) ರಿಪೋರ್ಟಿನ್ಯಾಗ ‘ಟಾರ್ಗೆಟ್ ನಾಟ್ ಡಿಟೆಕ್ಟೆಡ್’, ಅಂದ್ರ ವೈರಸ್ ಕಾಣಸಲಿಲ್ಲ ಅಂತ ಬರ್ತದ. ಆದ್ರ ತೂಕ ಈಗ 69. ನನ್ನ ಟೇಪಿನಿಂದ ನಾನೇ ಅಳದೀನಿ, ಸೊಂಟ 34. ಗಿರಾಕಿ ಮಂದಿ ಹೊಟ್ಟಿ ತೋರಿಸಿ, ‘ಏನ್ ಮಾಸ್ತರ, ಧಂಧೆ ಭಾಳ ಚಲೋ ನಡದದ ಕಾಣಸ್ತದ’ ಅಂತ ನಗ್ತಾರ.

ಹೋದ ವರ್ಷ ಸಕ್ಕರಿನೂ ಬಂತು. ಪ್ರೈವೇಟ್ ಡಾಕ್ಟರ್ ಒಬ್ಬರು ಮೆಟ್‌ಫಾರ್ಮಿನ್ ಬರದಾರ, ಮುಂಜಾನಿ ಒಂದು, ಸಂಜಿ ಒಂದು. ಈಗೀಗ ದಿನಾ ಮೂರ್ನಾಕು ಸಲ ತಂಬಗಿ ಹಿಡಕೊಂಡು ಓಡ್ಬೇಕು, ಬಾಯಾಗ ತಾಮ್ರ ನೆಕ್ಕಿದಂಗ ರುಚಿ. ಇದೂ ಟಿಎಲ್‌ಡಿದೇ ಕಾಟ ಅಂತ ನನ್ನ ಅನುಮಾನ. ವಾಟ್ಸಾಪಿನ್ಯಾಗ ಒಬ್ಬಾಂವ, ‘ಈ ಗುಳಗಿ ಬಡವರ ಮ್ಯಾಲ ಪರೀಕ್ಷಾ ಮಾಡ್ಲಕತ್ತಾರ’ ಅಂತ ಹಾಕ್ಯಾನ.

ಕೇಳೋದು ಏನಂದ್ರ, ಈ ತೂಕದ ಬಗ್ಗೆ ಯಾರರೆ ಖರೆಖರೆ ಸಂಶೋಧನಾ ಮಾಡ್ಯಾರೇನು? ಹಳೇ ಗುಳಗಿ ತಿರುಗಿ ಕೊಡ್ರಿ ಅಂತ ಕೇಳಬಹುದೇನು? ಇನ್ನೊಂದು, ಬೈಬ್ಯಾಡ್ರಿ. ಎರಡು ತಿಂಗಳಿಂದ ಐತವಾರ ಐತವಾರ ಗುಳಗಿ ಬಿಡ್ಲಕತ್ತೀನಿ. ತೂಕ ಇಳೀತದೇನು ನೋಡೋಣ ಅಂತ.

ಬೀದರ್ ಅಕ್ಕ

ಬೈಬ್ಯಾಡ ಅಂದ್ರ ಹ್ಯಾಂಗ ತಮ್ಮಾ, ಬೈಸಿಕೊಳ್ಳೋ ಕೆಲಸಾನೇ ಮಾಡಿದಿ. ದೇವರಿಗಿ ಸೋಮವಾರ ಒಪ್ಪತ್ತು ಬಿಡ್ತಾರ, ಗುಳಗಿಗಿ ಐತವಾರ ಉಪವಾಸ ಯಾರು ಹೇಳ್ಯಾರ ನಿನಗ?

ನಾ 2006ರಾಗ ಶುರು ಮಾಡಿದಾಕಿ. ಸರ್ಕಾರ ಪುಕ್ಕಟೆ ಕೊಡಲಿಕ್ಕ ಶುರು ಮಾಡಿ (2004ರ ಏಪ್ರಿಲ್) ಇನ್ನಾ ಎರಡು ವರ್ಷ ಆಗಿತ್ತು. ನಮಗ ಆಗ ಎಸ್‌ಎಲ್‌ಎನ್, ಅಂದ್ರ ಸ್ಟಾವುಡಿನ್ ಇದ್ದ ಗುಳಗಿ. ಜೀವ ಉಳಸ್ತು, ಇಲ್ಲ ಅನ್ನಂಗಿಲ್ಲ. ಆದ್ರ ಅಂಗಾಲು ಕೆಂಡ ತುಳದಂಗ ಉರೀತಿದ್ದವು, ರಾತ್ರಿ ಹಸಿ ಗೋಣಿಚೀಲದ ಮ್ಯಾಲ ಕಾಲ ಇಟ್ಟು ಮಲಗ್ತಿದ್ದೆ. ಗಲ್ಲದಾಗಿನ ಕೊಬ್ಬು ಕರಗಿ ಮಾರಿ ಒಳಗ ಹೋತು. ಸೆಂಟರಿನ ಪಾಳಿ ಒಳಗ ಕುಂತವರ ಗಲ್ಲ ನೋಡಿನೇ ಯಾರು ಎಷ್ಟು ವರ್ಷದ್ದು ಹೇಳಬಹುದಿತ್ತು. ಮದಿವಿ ಮುಂಜಿಗಿ ಹೋಗೋ ಮುಂದ ನಾ ಎರಡೂ ಕಡಿ ಎಲಿ ಅಡಕಿ ಒತ್ತಿಕೊಂಡು ಹೋಗ್ತಿದ್ದೆ, ಗಲ್ಲ ತುಂಬಿ ಕಾಣಲಿ ಅಂತ. ಬಾಯಿ ಬಿಟ್ಟು ಮಾತಾಡಂಗಿಲ್ಲ ಮತ್ತ! ‘ಆಕಿಗಿ ಸೊಕ್ಕು ಬಂದದ’ ಅಂದ್ರು ನಮ್ಮ ನೆಗೆಣ್ಣಿ.

ಆಮ್ಯಾಲ ಜಿಡೊವುಡಿನ್‌ಗಿ ಹಾಕಿದ್ರು. ಅದರಾಗ ಉಗುರು ಕರ್ರಗಾದವು, ಮೈಯಾಗಿನ ರಕ್ತ ಇಳದು ಎರಡು ಬಾಟಲಿ ಏರಸ್ಬೇಕಾತು. ಈಗ ನಾನೂ ಟಿಎಲ್‌ಡಿ. ನಂದೂ ಆರು ಕಿಲೋ ಹೆಚ್ಚಾಗ್ಯಾದ. ನಿಮ್ಮ ಮಂದಿ ಹೊಟ್ಟಿ ನೋಡಿ ನಗ್ತಾರಲ್ಲ, ನಗಲಿ ಬಿಡು. ನಮ್ಮ ಕಾಲದಾಗ ಮಂದಿ ಮಾರಿ ನೋಡಿ ಸುಮ್ಮನಾಗ್ತಿದ್ರು, ಅದು ಭಾಳ ಕಷ್ಟ ಇತ್ತು.

ಅಂದಂಗ, ದಿನಕ್ಕ ಎಷ್ಟು ಚಾ ಕುಡೀತಿ?

ಜಾಣ_ವೈದ್ಯ

ಎಲ್ಲಾ ಇಂಗ್ಲಿಷ್ ಔಷಧ ಬಂದ್ ಮಾಡ್ರಿ. ನಮ್ಮಲ್ಲಿ ಬೇರಿನ ಪುಡಿ ಅದ, 90 ದಿನದಾಗ ನೆಗೆಟಿವ್. ಇನ್‌ಬಾಕ್ಸ್‌ಗೆ ಬರ್ರಿ.

ಬೀದರ್ ಅಕ್ಕ

ಇಂಥಾ ಪುಡಿ ನಂಬಿ ನಮ್ಮ ಯಜಮಾನ್ರು 2005ರಾಗ ಹೋದ್ರು. ಎರಡು ಎಕರೆ ತೊಗರಿ ಹೊಲಾನೂ ಅದರ ಹಿಂದೇ ಹೋತು. ಯಾರೂ ಇನ್‌ಬಾಕ್ಸ್‌ಗೆ ಹೋಗಬ್ಯಾಡ್ರಿ.

ಹಳೇ ಕೌನ್ಸೆಲರ್

ದರ್ಜಿ ಮಾಸ್ತರ್ ಅವರೇ, ಎಆರ್‌ಟಿ ಸೆಂಟರ್‌ನಲ್ಲಿ ಹನ್ನೊಂದು ವರ್ಷ ಕೂತು ಬಂದವನು ನಾನು. ಡಾಕ್ಟರ್ ಅಲ್ಲ, ಅದು ನೆನಪಿರಲಿ.

ತೂಕದ ಬಗ್ಗೆ ಸಂಶೋಧನೆ ಆಗಿದೆ, ಮುಚ್ಚಿಟ್ಟ ವಿಷಯ ಏನಲ್ಲ. ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್‌ನಲ್ಲಿ 1,053 ಜನರ ಮೇಲೆ ‘ಅಡ್ವಾನ್ಸ್’ ಅಂತ ಒಂದು ಅಧ್ಯಯನ ನಡೀತು, 2019ರಲ್ಲಿ ಫಲಿತಾಂಶ ಬಂತು. 48 ವಾರದಲ್ಲಿ ನಿಮ್ಮ ಹಳೇ ಗುಳಿಗೆಯಂಥದ್ದು ತಗೊಂಡವರ ತೂಕ ಸರಾಸರಿ ಎರಡು ಕಿಲೋ ಒಳಗೆ ಏರಿತು, ಟೆನೊಫೊವಿರ್ ಜೊತೆ ಡೊಲುಟೆಗ್ರಾವಿರ್, ಅಂದ್ರೆ ಟಿಎಲ್‌ಡಿಯಂಥದ್ದು ತಗೊಂಡವರದ್ದು ಸುಮಾರು ಮೂರು ಕಿಲೋ. ಹೆಂಗಸರಲ್ಲಿ ಇನ್ನೂ ಜಾಸ್ತಿ. ಅವರೆಲ್ಲ ಹೊಸದಾಗಿ ಶುರು ಮಾಡಿದವರು, ನಿಮ್ಮ ಹಾಗೆ ಮಧ್ಯದಲ್ಲಿ ಬದಲಾದವರಲ್ಲ, ಹಾಗಾಗಿ ಲೆಕ್ಕ ತಾಳೆ ಆಗೋದಿಲ್ಲ. ಆದರೂ ಹನ್ನೊಂದು ಕಿಲೋ ಪೂರ್ತಿ ಗುಳಿಗೆ ತಲೆಗೆ ಕಟ್ಟೋಕೆ ನನಗೆ ಮನಸ್ಸಿಲ್ಲ.

ಅದೇ ಅಧ್ಯಯನದ ಜನರ ರಕ್ತ ಮತ್ತೆ ನೋಡಿದಾಗ ಇನ್ನೊಂದು ಸಂಗತಿ ಗೊತ್ತಾಯ್ತು. ಹಳೇ ಗುಳಿಗೆಯಲ್ಲಿರೋ ಎಫಾವಿರೆಂಜ್ ಕೆಲವರ ಮೈಯಲ್ಲಿ ನಿಧಾನಕ್ಕೆ ಕರಗುತ್ತೆ, ಅದು ಹುಟ್ಟಿನಿಂದ ಬಂದ ಗುಣ. ಅಂಥವರ ತೂಕ ಏರಲೇ ಇಲ್ಲ. ಬೇಗ ಕರಗಿಸೋರ ತೂಕ ಹೊಸ ಗುಳಿಗೆಯವರಷ್ಟೇ ಏರಿತು. ಅಂದ್ರೆ ಹೊಸದು ದಪ್ಪ ಮಾಡ್ತು ಅನ್ನೋದಕ್ಕಿಂತ ಹಳೇದು ತೂಕ ತಡೆದು ಹಿಡಿದಿತ್ತು ಅನ್ನಬಹುದು. ಮೂರು ತೋಳಿನ ಬ್ಲೌಸ್ ಕಾಣೋ ಅಷ್ಟು ಕಾಟ ಇತ್ತು ಅಂದ್ರೆ ನೀವೂ ನಿಧಾನದ ಗುಂಪಿನವರೇ ಇರಬಹುದು, ಇದು ನನ್ನ ಊಹೆ ಮಾತ್ರ.

ಇನ್ನು ಐತವಾರದ ವಿಷಯ. ತಿಂಗಳಿಗೆ ನಾಲ್ಕು ಬಿಟ್ಟರೆ 30ಕ್ಕೆ 26, ಶೇಕಡ 87. ನಾವು ಸೆಂಟರ್‌ನಲ್ಲಿ ಡಬ್ಬಿ ಎಣಿಸುವಾಗ 95ಕ್ಕಿಂತ ಕೆಳಗೆ ಬಂದರೆ ಕೂರಿಸಿ ಮಾತಾಡ್ತಿದ್ದೆವು. ಗುಳಿಗೆಗೆ ರಜೆ ಕೊಟ್ಟು ನೋಡೋಣ ಅನ್ನೋದನ್ನು ದೊಡ್ಡವರೇ ಪರೀಕ್ಷೆ ಮಾಡಿದ್ದರು. ‘ಸ್ಮಾರ್ಟ್’ ಅಂತ, 5,472 ಜನ. ಅರ್ಧ ಜನ ದಿನಾ ತಗೊಂಡರು, ಇನ್ನರ್ಧ ಜನ ಸಿಡಿ-4 (ರೋಗ ತಡೆಯೋ ರಕ್ತಕಣದ ಎಣಿಕೆ) ಚೆನ್ನಾಗಿದ್ದಾಗ ನಿಲ್ಲಿಸಿದರು. ನಿಲ್ಲಿಸಿದವರಲ್ಲಿ ಕಾಯಿಲೆ, ಸಾವು ಎರಡೂ ಜಾಸ್ತಿ ಆಗಿ 2006ರಲ್ಲಿ ಅರ್ಧಕ್ಕೇ ಬಂದ್ ಮಾಡಿದರು. ಅವರು ತಿಂಗಳುಗಟ್ಟಲೆ ಬಿಟ್ಟವರು, ನೀವು ವಾರಕ್ಕೊಂದು ದಿನ. ಎರಡೂ ಒಂದೇ ಅಂತ ಹೆದರಿಸೋದಿಲ್ಲ. ಆದರೆ ನಿಮ್ಮ ಮನೆಯವರನ್ನೂ ಈ ಗುಳಿಗೆಯೇ ಕಾಯ್ತಾ ಇದೆ. ಯುರೋಪಿನ ‘ಪಾರ್ಟ್ನರ್’ ಅಧ್ಯಯನ ನೋಡಿ, 2016ರದ್ದು. ಒಬ್ಬರಿಗಿದ್ದು ಒಬ್ಬರಿಗಿಲ್ಲದ 888 ಜೋಡಿ, ನಿರೋಧ್ ಇಲ್ಲದೆ ಕೂಡಿದವರು. ವೈರಲ್ ಲೋಡ್ 200ರ ಒಳಗಿದ್ದಾಗ ಸಂಗಾತಿಯಿಂದ ಸಂಗಾತಿಗೆ ಒಂದೇ ಒಂದು ಸೋಂಕೂ ದಾಟಿರಲಿಲ್ಲ. ನಿಮ್ಮ ‘ನಾಟ್ ಡಿಟೆಕ್ಟೆಡ್’ ಅನ್ನೋ ಮಾತಿನ ಬೆಲೆ ಅದು.

ಹಳೇದು ಕೇಳಬಹುದು, ತೀರ್ಮಾನ ಡಾಕ್ಟರದು. ನಾನಾದರೆ ಕೇಳೋದಿಲ್ಲ. ವೈರಸ್ಸಿನಲ್ಲಿ ಒಂದೇ ಒಂದು ಬದಲಾವಣೆ ಆದರೂ ಎಫಾವಿರೆಂಜ್ ಕೈಕೊಡಬಹುದು, ಡೊಲುಟೆಗ್ರಾವಿರ್ ಅಷ್ಟು ಸುಲಭಕ್ಕೆ ಸೋಲೋದಿಲ್ಲ.

ನನಗೆ ಚಿಂತೆ ಹತ್ತಿದ್ದು ಬೇರೆ ಕಡೆ. ಮೆಟ್‌ಫಾರ್ಮಿನ್ ಪಟ್ಟಿಯ ಮೇಲೆ ನಂಬರ್ ಎಷ್ಟಿದೆ? ಆ ಡಾಕ್ಟರಿಗೆ ನೀವು ಟಿಎಲ್‌ಡಿ ತಗೋತೀರಿ ಅಂತ ಗೊತ್ತಾ?

ಸೂಜಿದಾರ

ಅಕ್ಕೋರ, ಚಾ ದಿನಕ್ಕ ಎಂಟು. ಗಿರಾಕಿ ಬಂದ್ರ ತರಸ್ಲಾರದೆ ಆಗಂಗಿಲ್ಲ. ಇನ್ನೊಂದು ಈಗ ನೆನಪಾತು. ಮಷೀನಿಗಿ ಮೋಟಾರು ಕೂಡಿಸಿದ್ದೂ 2021ರಾಗೇ. ಮೊದಲ ದಿನಾ ಎಂಟು ತಾಸು ಪೆಡಲ್ ತುಳೀತಿದ್ದೆ.

ಸರ್, ನಂಬರ್ 1000 ಅಂತ ಅದ. ಡಾಕ್ಟರಿಗಿ ಹೇಳಿಲ್ಲ. ಅವರ ಕಂಪೌಂಡರ್ ನಮ್ಮ ಓಣಿಯಾಂವ.

ಹಳೇ ಕೌನ್ಸೆಲರ್

ಅಂದ್ರೆ ದಿನಕ್ಕೆ 2000 ಮಿಲಿಗ್ರಾಂ. ಮೆಟ್‌ಫಾರ್ಮಿನ್ ಮೈಯಿಂದ ಹೊರಗೆ ಹೋಗೋದು ಕಿಡ್ನಿ ಮೂಲಕ. ಹೋಗೋ ಆ ಬಾಗಿಲನ್ನು ಡೊಲುಟೆಗ್ರಾವಿರ್ ಅರ್ಧ ಮುಚ್ಚುತ್ತೆ. ನುಂಗಿದ್ದಕ್ಕಿಂತ ಹೆಚ್ಚು ನುಂಗಿದ ಹಾಗೆ ರಕ್ತದಲ್ಲಿ ಉಳಿಯುತ್ತೆ. ಅದಕ್ಕೇ ಇವೆರಡೂ ಜೊತೆಗಿದ್ದಾಗ ಮೆಟ್‌ಫಾರ್ಮಿನ್ ದಿನಕ್ಕೆ 1000 ದಾಟಬಾರದು ಅಂತಾರೆ. ಭೇದಿ, ಬಾಯಲ್ಲಿ ತಾಮ್ರದ ರುಚಿ ಎರಡೂ ಮೆಟ್‌ಫಾರ್ಮಿನ್ ಹೆಚ್ಚಾದ ಲಕ್ಷಣಕ್ಕೆ ಹೊಂದುತ್ತೆ. ಟಿಎಲ್‌ಡಿ ಮೇಲೆ ಸುಮ್ಮನೆ ಗೂಬೆ ಕೂರಿಸಿದ್ದೀರಿ.

ನೀವೇ ನಿಲ್ಲಿಸಬೇಡಿ. ಸಕ್ಕರೆ ಗುಳಿಗೆಯ ಪಟ್ಟಿ ತಗೊಂಡು ನಾಳೆಯೇ ಸೆಂಟರಿಗೆ ಹೋಗಿ, ಅಲ್ಲಿನ ಡಾಕ್ಟರಿಗೆ ತೋರಿಸಿ. ಕಿಡ್ನಿ ಟೆಸ್ಟೂ ಮಾಡಿಸಿ. ಇನ್ನು ಆ ಡಾಕ್ಟರ್, ಕಂಪೌಂಡರ್ ವಿಷಯ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಿಮ್ಮ ಒಪ್ಪಿಗೆ ಇಲ್ಲದೆ ಬಾಯಿ ಬಿಡಬಾರದು ಅಂತ ಅದರಲ್ಲಿದೆ, ಪ್ರೈವೇಟ್ ಆಸ್ಪತ್ರೆಗೂ ಅನ್ವಯ. ಓಣಿಯ ಬಾಯಿಗೆ ಕಾಯ್ದೆಯ ಹೆದರಿಕೆ ಎಷ್ಟಿರುತ್ತೆ ಅಂತ ನನಗೂ ಗೊತ್ತು. ಅದಕ್ಕೇ ಮೊದಲು ಸೆಂಟರಿಗೆ ಹೋಗಿ ಅಂದದ್ದು.

ಸೂಜಿದಾರ (ಮೂರು ವಾರದ ನಂತರ)

ಹೋಗಿದ್ದೆ ಸರ್. ಹಸರು ಪುಸ್ತಕದಾಗ ಮೆಟ್‌ಫಾರ್ಮಿನ್ ಬರಕೊಂಡ್ರು, 500ರದ್ದು ಎರಡು ಹೊತ್ತು ಮಾಡಿದ್ರು. ಕಿಡ್ನಿ ಚಲೋ ಅದ. ಐತವಾರದ್ದು ಹೇಳಿದೆ, ಆ ಮೇಡಂ ಐದು ನಿಮಿಷ ಏನೂ ಮಾತಾಡಲಿಲ್ಲ, ಬೈದಿದ್ರ ಚಲೋ ಇತ್ತು. ವೈರಲ್ ಲೋಡಿಗಿ ರಕ್ತ ಕೊಟ್ಟು ಬಂದೀನಿ, ಇನ್ನಾ ಬಂದಿಲ್ಲ. ಹೊಟ್ಟಿ ನಾಕೇ ದಿನದಾಗ ನಿಂತದ. ತಂಬಗಿ ಮೂಲಿ ಸೇರ್ಯಾದ.

ಚಾ ಮೂರಕ್ಕ ಇಳಸೀನಿ. ಮೋಟಾರು ಬಿಚ್ಚಿಲ್ಲ, ಶಾಲಿ ಯೂನಿಫಾರ್ಮಿನ ಆರ್ಡರ್ ಅವ, ಆಗಂಗಿಲ್ಲ. ಪ್ಯಾಂಟಿನ ಹಿಂದಿನ ಹೊಲಿಗಿ ಬಿಚ್ಚಿ ಎರಡು ಇಂಚು ಬಿಟ್ಟೀನಿ.

ಒಂದು ಕೇಳೋದದ. ಮುಂದಿನ ತಾರೀಖು ಶರಣಬಸಪ್ಪನ ಜಾತ್ರಿ ದಿನಾನೇ ಬಂದದ. ಅವತ್ತ ಬಸ್ಸಿನ್ಯಾಗ ಕಾಲಿಡಲಿಕ್ಕ ಜಾಗ ಇರಂಗಿಲ್ಲ. ಎರಡು ದಿನ ಮೊದಲೇ ಹೋದ್ರ ಗುಳಗಿ ಕೊಡ್ತಾರೇನು?

ಬೀದರ್ ಅಕ್ಕ

ಕೊಡ್ತಾರ. ಉಳದ ಗುಳಗಿ ಡಬ್ಬಿನೂ ಒಯ್ಯಿ, ಎಣಸ್ತಾರ.