ಪರದೆಯ ಹಿಂದೆ ನಿಲ್ಲಬಯಸುವ ಹುಡುಗಿಗೆ: ಓದುಗರ ಸ್ಪಂದನ

ಕಳೆದ ವಾರದ ಪತ್ರ: ‘ನಾನು ಹಾವೇರಿ ಜಿಲ್ಲೆಯವಳು, ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ಕಾಲೇಜಿನ ಮೂರು ನಾಟಕಗಳಲ್ಲಿ ಕೆಲಸ ಮಾಡಿದ್ದೇನೆ. ಒಂದರಲ್ಲಿ ಪಾತ್ರ, ಉಳಿದೆರಡರಲ್ಲಿ ರಂಗಸಜ್ಜಿಕೆ ಮತ್ತು ಬೆಳಕು. ಪಾತ್ರಕ್ಕಿಂತ ಆ ಕೆಲಸಗಳೇ ನನ್ನನ್ನು ಹಿಡಿದಿಟ್ಟಿವೆ. ಮುಂದೆ ನಾಟಕವನ್ನೇ ಓದಬೇಕೆಂದಿದ್ದೇನೆ. ಕಿರಾಣಿ ಅಂಗಡಿ ನಡೆಸುವ ಅಪ್ಪ “ಬಿ.ಎಡ್. ಮಾಡು, ನಾಟಕ ರಜೆಯಲ್ಲಿ ಆಡಿಕೋ” ಎನ್ನುತ್ತಾರೆ. ಮಗಳು ರಾತ್ರಿ ಹೊತ್ತು ಊರೂರು ಅಲೆಯಬೇಕಾಗುತ್ತದೆ ಎಂಬುದು ಅಮ್ಮನ ಭಯ. ಒಂದು ವರ್ಷದ ಡಿಪ್ಲೊಮಾ ಮಾಡಲೇ, ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಮಾಡಲೇ? ಓದಿದ ಮೇಲೆ ಹೊಟ್ಟೆ ತುಂಬುತ್ತದೆಯೇ?’

ತಂಗಿ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಪಾತ್ರಕ್ಕಿಂತ ಸಜ್ಜಿಕೆ ಮತ್ತು ಬೆಳಕು ನಿನ್ನನ್ನು ಹಿಡಿದಿಟ್ಟಿವೆ ಎಂಬ ಮಾತನ್ನು ಬಿಡಬೇಡ. ನಾಟಕದ ಶಾಲೆಗೆ ಬರುವವರಲ್ಲಿ ಹೆಚ್ಚಿನವರು ನಟರಾಗಲು ಬರುತ್ತಾರೆ. ನಾನೂ ಹಾಗೆಯೇ ಹೋದವಳು. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್‌ನಲ್ಲಿ ಒಂದು ವರ್ಷ ಕಲಿತು, ಮರುವರ್ಷ ಅದರ ಸಂಚಾರಿ ನಾಟಕ ತಂಡವಾದ ತಿರುಗಾಟದಲ್ಲಿ ಊರೂರು ಸುತ್ತಿ, ಆಮೇಲೆ ಸ್ನಾತಕೋತ್ತರ ಪದವಿ ಮಾಡಿದೆ. ಈಗ ಒಂದು ಖಾಸಗಿ ಶಾಲೆಯಲ್ಲಿ ನಾಟಕ ಕಲಿಸುತ್ತೇನೆ. ಈ ಮೂರರಲ್ಲಿ ನನಗೆ ಕೈಕೆಲಸ ಕಲಿಸಿದ್ದು ಮೊದಲ ಎರಡು, ಸಂಬಳದ ಬಾಗಿಲು ತೆರೆದದ್ದು ಮೂರನೆಯದು. ಆ ಕ್ರಮವೇ ನಿನಗೂ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಏಕೆಂದು ಹೇಳುತ್ತೇನೆ. ನೀನಾಸಮ್ ಹುಟ್ಟಿದ್ದು 1949ರಲ್ಲಿ, ರಂಗಶಿಕ್ಷಣ ಕೇಂದ್ರ ಶುರುವಾದದ್ದು 1980ರಲ್ಲಿ. ಕೆ.ವಿ. ಸುಬ್ಬಣ್ಣನವರು ಅದನ್ನು ನಗರದಲ್ಲಿ ಕಟ್ಟಲಿಲ್ಲ, ಸಾಗರ ಪಟ್ಟಣದ ಹತ್ತಿರದ ಅಡಿಕೆ ತೋಟಗಳ ನಡುವೆ ಕಟ್ಟಿದರು. ಅಲ್ಲಿ ಪಾಠವೆಲ್ಲ ಕನ್ನಡದಲ್ಲಿ. ಇಂಗ್ಲಿಷ್ ತಡವರಿಸುವ ನನ್ನಂಥವಳಿಗೆ ಅದೊಂದೇ ದೊಡ್ಡ ಧೈರ್ಯವಾಗಿತ್ತು. ಬೆಳಿಗ್ಗೆ ದೇಹದ ಕಸರತ್ತು, ಆಮೇಲೆ ತರಗತಿ, ಸಂಜೆಯಿಂದ ರಾತ್ರಿಯವರೆಗೆ ತಾಲೀಮು. ರಂಗಮಂದಿರದ ವೇದಿಕೆಯನ್ನು ನಾವೇ ಗುಡಿಸುತ್ತಿದ್ದೆವು, ನಾವೇ ಬಣ್ಣ ಕಲಸುತ್ತಿದ್ದೆವು, ಪಾತ್ರಧಾರಿಯ ಅಂಗಿಯ ಗುಂಡಿಯನ್ನೂ ನಾವೇ ಹೊಲಿಯುತ್ತಿದ್ದೆವು. ಮೊದಲ ನಾಟಕದಲ್ಲಿ ನನಗೆ ಪಾತ್ರ ಸಿಗಲಿಲ್ಲ, ಪರಿಕರಗಳ ಜವಾಬ್ದಾರಿ ಸಿಕ್ಕಿತು. ಎರಡು ದಿನ ಅತ್ತೆ. ಮೂರನೆಯ ದಿನ ರಾಜನ ಕೈಗೆ ಹೋಗಬೇಕಾದ ಓಲೆ ಪೆಟ್ಟಿಗೆಯಲ್ಲೇ ಉಳಿಯಿತು. ಅವನು ಬರಿಗೈ ಚಾಚಿ ನಿಂತ. ಸಭೆಯಲ್ಲಿ ಯಾರಿಗೂ ತಿಳಿಯಲಿಲ್ಲ, ನನಗೆ ಮಾತ್ರ ನೆಲ ಬಿರಿದಂತಾಯಿತು. ನಾಟಕವೆಂದರೆ ಮುಂದೆ ನಿಂತವರದಷ್ಟೇ ಅಲ್ಲವೆಂದು ನನಗೆ ಅರ್ಥವಾದದ್ದು ಆ ರಾತ್ರಿ. ನಿನಗೆ ಅದು ಕಾಲೇಜಿನಲ್ಲೇ ಅರ್ಥವಾಗಿದೆ.

ತಿರುಗಾಟ 1985ರಿಂದ ನಡೆಯುತ್ತಿದೆ. ಅದೇ ನಾಟಕವನ್ನು ಇವತ್ತು ಒಳ್ಳೆಯ ರಂಗಮಂದಿರದಲ್ಲಿ, ನಾಳೆ ಪ್ರೌಢಶಾಲೆಯ ಅಂಗಳದಲ್ಲಿ, ನಾಡಿದ್ದು ಮದುವೆ ಛತ್ರದಲ್ಲಿ ಕಟ್ಟಿ ಬಿಚ್ಚಬೇಕು. ಮಧ್ಯಾಹ್ನ ಊರಿಗೆ ಬಂದವರು ಸಂಜೆಯೊಳಗೆ ಪರದೆ ಕಟ್ಟಿ, ದೀಪ ತೂಗುಹಾಕಿ, ಮುಖಕ್ಕೆ ಬಣ್ಣ ಹಚ್ಚಿ ಸಿದ್ಧರಾಗಬೇಕು. ನಾಟಕ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ ಗಾಡಿಗೆ ತುಂಬಬೇಕು. ಇದನ್ನು ಯಾವ ತರಗತಿಯಲ್ಲೂ ಕಲಿಸಲಾಗದು.

ಇನ್ನು ನಿನ್ನ ಅಮ್ಮನ ಭಯ. ಅದನ್ನು ತಳ್ಳಿಹಾಕಬೇಡ. ಶಾಲೆಯ ಕೊಠಡಿಯಲ್ಲಿ ಚಾಪೆ ಹಾಸಿ ಮಲಗಿದ್ದೇವೆ, ಶೌಚಾಲಯಕ್ಕಾಗಿ ಪಕ್ಕದ ಮನೆಯ ಬಾಗಿಲು ತಟ್ಟಿದ್ದೇವೆ. ತಿರುಗಾಟ ಮುಗಿದ ಮೇಲೆ ನಾನು ಸೇರಿದ ಒಂದು ತಂಡ ಮೂರು ತಿಂಗಳ ಸಂಭಾವನೆ ಕೊಡಲೇ ಇಲ್ಲ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ಕೊಠಡಿ ಕೇಳಿದ್ದಕ್ಕೆ ‘ಕಲಾವಿದರಿಗೆ ಇಷ್ಟೊಂದು ಬೇಡಿಕೆ ಇರಬಾರದು’ ಎಂದಿತು. ಆ ತಂಡ ಬಿಟ್ಟೆ, ನಾಟಕ ಬಿಡಲಿಲ್ಲ. ಯಾವ ಸಂಸ್ಥೆಗೆ ಸೇರುವ ಮೊದಲೂ, ಯಾವ ತಂಡದ ಜೊತೆ ಹೊರಡುವ ಮೊದಲೂ ಮೂರು ವಿಷಯ ಬಾಯಿ ಬಿಟ್ಟು ಕೇಳು. ಉಳಿಯುವ ವ್ಯವಸ್ಥೆ ಏನು, ಪ್ರಯಾಣದಲ್ಲಿ ಹೊಣೆ ಯಾರದು, ದೂರು ಸಮಿತಿ ಇದೆಯೇ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ದೂರು ಸಮಿತಿ ಇರಲೇಬೇಕೆಂದು ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನು ಹೇಳುತ್ತದೆ. ಈ ಪ್ರಶ್ನೆಗೆ ಮುಖ ಗಂಟಿಕ್ಕುವವರ ಜೊತೆ ಹೋಗಬೇಡ.

ಅಮ್ಮನಿಗೆ ಆರ್. ನಾಗರತ್ನಮ್ಮನವರ ಕಥೆ ಹೇಳು. ಕಂಪನಿ ನಾಟಕಗಳಲ್ಲಿ ಬೆಳೆದ ಆ ತಾಯಿ 1958ರಲ್ಲಿ ಮೈಸೂರಿನಲ್ಲಿ ಹೆಂಗಸರದೇ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಗಂಡು ಪಾತ್ರಗಳನ್ನೂ ತಾವೇ ಧರಿಸಿ ಗದೆ ಹಿಡಿದು ಗರ್ಜಿಸಿದರು. ಅವರ ಕಾಲದ ಪ್ರಯಾಣ ಇವತ್ತಿನದಕ್ಕಿಂತ ಸುಲಭವಾಗಿತ್ತೆಂದು ನಾನು ನಂಬುವುದಿಲ್ಲ.

— ನಾಟಕ ಶಿಕ್ಷಕಿ, ಗದಗ ಜಿಲ್ಲೆ

ತಂಗಿಗೆ ನಮಸ್ಕಾರ,

ಬೆಳಕಿನ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ, ಆದ್ದರಿಂದ ಅದರ ಬಗ್ಗೆ ಮಾತ್ರ ಬರೆಯುತ್ತೇನೆ. ನೀವು ಎಲ್ಲಿಯಾದರೂ ಸೇರಿ, ಅದಕ್ಕೆ ಮೊದಲು ಕರೆಂಟಿನ ಲೆಕ್ಕ ಕಲಿಯಿರಿ. ಸಾವಿರ ವ್ಯಾಟಿನ ಒಂದು ದೀಪ 230 ವೋಲ್ಟಿನಲ್ಲಿ ಸುಮಾರು ನಾಲ್ಕೂಕಾಲು ಆಂಪಿಯರ್ ಎಳೆಯುತ್ತದೆ. ಹಳ್ಳಿಯ ಶಾಲೆಯಲ್ಲಿ ಸಿಗುವುದು 15 ಆಂಪಿಯರಿನ ಒಂದು ಸಾಕೆಟ್ಟು. ಮೂರು ದೀಪ ಹಾಕಿದರೆ ಹದಿಮೂರು, ನಡೆಯುತ್ತದೆ. ನಾಲ್ಕನೆಯದಕ್ಕೆ ಆಸೆಪಟ್ಟರೆ ಫ್ಯೂಸ್ ಹೋಗುತ್ತದೆ, ಅದೂ ಸರಿಯಾಗಿ ಕೊನೆಯ ದೃಶ್ಯದಲ್ಲಿ. ಈಗ ಎಲ್‌ಇಡಿ ದೀಪಗಳು ಬಂದು ಈ ಹೊರೆ ಬಹಳ ಇಳಿದಿದೆ. ಆದರೂ ಹಳೆಯ ಬಗೆಯ ರಂಗದೀಪಗಳಾದ ಪಾರ್, ಫ್ರೆನೆಲ್‌ಗಳು ಎಷ್ಟೋ ರಂಗಮಂದಿರಗಳಲ್ಲಿ ಇನ್ನೂ ತೂಗುತ್ತಿವೆ. ಅವುಗಳ ಸ್ವಭಾವ ಗೊತ್ತಿಲ್ಲದೆ ಹೋದವರು ಕತ್ತಲಲ್ಲಿ ನಿಲ್ಲುತ್ತಾರೆ.

ಇನ್ನೊಂದು ಮಾತು. ಹೆಣ್ಣುಮಗಳು ಏಣಿ ಹತ್ತುತ್ತಾಳೆಂದರೆ ಕೆಳಗೆ ನಿಂತವರು ‘ನೀನು ಇಳಿಯಮ್ಮ, ನಾವು ಕಟ್ಟುತ್ತೇವೆ’ ಎನ್ನುತ್ತಾರೆ. ಇಳಿಯಬೇಡಿ. ಅವರು ಪ್ರೀತಿಯಿಂದಲೇ ಹೇಳುತ್ತಿರಬಹುದು, ಆದರೆ ಇಳಿದವರಿಗೆ ದೀಪದ ಕೋನ ಹೊಂದಿಸುವುದು ಎಂದೂ ಬರುವುದಿಲ್ಲ. ನನ್ನ ಜೊತೆ ಕಲಿತ ಒಬ್ಬ ಹುಡುಗಿ ಹೀಗೆ ಇಳಿದಿಳಿದೇ ಟಿಕೆಟ್ ಕೊಡುವ ಮೇಜಿಗೆ ಹೋಗಿ ಕುಳಿತಳು. ಅವಳ ಕಣ್ಣಿಗಿದ್ದ ಬಣ್ಣದ ತಿಳಿವಳಿಕೆ ನಮ್ಮಲ್ಲಿ ಒಬ್ಬರಿಗೂ ಇರಲಿಲ್ಲ. ಇವತ್ತಿಗೂ ನನಗೆ ಅದರ ಸಂಕಟವಿದೆ.

ಹೊಟ್ಟೆಪಾಡಿನ ಮಾತು: ನಾಟಕವೊಂದೇ ನನ್ನನ್ನು ಸಾಕಲಿಲ್ಲ. ಭರತನಾಟ್ಯದ ರಂಗಪ್ರವೇಶಗಳು, ಸಂಗೀತ ಕಾರ್ಯಕ್ರಮಗಳು, ಕಾಲೇಜುಗಳ ವಾರ್ಷಿಕೋತ್ಸವಗಳು ಸಾಕಿದವು. ನಟನಿಗೆ ಈ ಅನುಕೂಲವಿಲ್ಲ, ಬೆಳಕಿನವರಿಗೆ ಇದೆ. ನಿಮ್ಮ ತಂದೆಯವರಿಗೆ ಇದನ್ನು ತಿಳಿಸಿ.

ನಿಮ್ಮ ಜಿಲ್ಲೆಯಲ್ಲೇ ಹಾನಗಲ್ ತಾಲ್ಲೂಕಿನ ಶೇಷಗಿರಿ ಇದೆಯಲ್ಲ? ನಾಟಕಕ್ಕೆ ಹೆಸರಾದ ಊರು. ಅಷ್ಟು ಚಿಕ್ಕ ಊರಿನವರು ತಮ್ಮದೇ ರಂಗಮಂದಿರ ಕಟ್ಟಿಕೊಂಡಿದ್ದಾರೆ. ಪರೀಕ್ಷೆ ಮುಗಿದ ಕೂಡಲೇ ಅಲ್ಲಿಗೆ ಹೋಗಿ, ಮುಂದಿನ ಪ್ರದರ್ಶನಕ್ಕೆ ತಂತಿ ಎಳೆಯುವ ಕೆಲಸವಾದರೂ ಕೊಡಿ ಎಂದು ಕೇಳಿ.

— ಬೆಳಕಿನ ವಿನ್ಯಾಸಕ, ಧಾರವಾಡ

ಮಗಳೇ,

ಉಳಿದವರು ನಿನಗೆ ಹುರುಪು ತುಂಬುತ್ತಾರೆ. ನಾನು ನಿನ್ನ ಅಪ್ಪನ ಪರ. ನಮ್ಮ ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕರು ಬೆರಳೆಣಿಕೆಯಷ್ಟು. ಅಂಥ ಹುದ್ದೆಗಾಗಿ ಕಾದು ವಯಸ್ಸು ಮೀರಿದ ಒಳ್ಳೆಯ ಹುಡುಗರನ್ನು ಕಂಡು ಮರುಗಿದ್ದೇನೆ. ಬಿ.ಎಡ್. ಈಗ ಎರಡು ವರ್ಷ. ಮುಗಿಸಿದಾಗ ನಿನಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ ಆಗಿರುತ್ತದೆ. ರಂಗಶಾಲೆಗಳು ಆ ವಯಸ್ಸಿನವರನ್ನೂ ತೆಗೆದುಕೊಳ್ಳುತ್ತವೆ. ಕನ್ನಡ ಶಿಕ್ಷಕಿಯಾಗಿ ಮಕ್ಕಳಿಂದ ನಾಟಕ ಮಾಡಿಸಿದರೆ ಅದೇನು ಕಡಿಮೆ ರಂಗಭೂಮಿಯೇ? ಮೂವತ್ತೊಂದು ವರ್ಷ ನಾನು ಅದನ್ನೇ ಮಾಡಿದೆ. ನನ್ನ ಮಕ್ಕಳು ಹಳೆಯ ಸೀರೆಗಳನ್ನು ಪರದೆ ಮಾಡಿಕೊಂಡು ಆಡಿದರು.

— ನಿವೃತ್ತ ಮುಖ್ಯಶಿಕ್ಷಕ, ಶಿರಸಿ

ಪ್ರಿಯ ವಿದ್ಯಾರ್ಥಿನಿ,

ವಿಶ್ವವಿದ್ಯಾಲಯದಲ್ಲಿ ರಂಗಕಲೆ ಬೋಧಿಸುವ ನನಗೆ ನಿಮ್ಮ ‘ಡಿಪ್ಲೊಮಾವೋ ಸ್ನಾತಕೋತ್ತರವೋ’ ಎಂಬ ಪ್ರಶ್ನೆಯನ್ನು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಎರಡೂ ಒಂದೇ ಗುರಿಗೆ ಹೋಗುವ ದಾರಿಗಳಲ್ಲ. ಮುಂದೆ ಕಾಲೇಜಿನಲ್ಲಿ ಕಲಿಸುವ ಆಸೆ ಇದ್ದರೆ ಅದಕ್ಕಿರುವ ಒಂದು ದಾರಿ ನೆಟ್, ಅಂದರೆ ರಾಷ್ಟ್ರೀಯ ಅರ್ಹತಾ ಪರೀಕ್ಷೆ. ಅದರಲ್ಲಿ ನಾಟಕ ಮತ್ತು ರಂಗಭೂಮಿಯನ್ನೊಳಗೊಂಡ ಪ್ರದರ್ಶನ ಕಲೆಯೂ ಒಂದು ವಿಷಯ. ಅದಕ್ಕೆ ಕುಳಿತುಕೊಳ್ಳಲು ಸ್ನಾತಕೋತ್ತರ ಪದವಿಯಲ್ಲಿ ಶೇಕಡಾ 55 ಅಂಕ ಬೇಕು, ಮೀಸಲಾತಿ ಇರುವವರಿಗೆ 50. ಒಂದು ವರ್ಷದ ಡಿಪ್ಲೊಮಾ, ಅದು ಎಷ್ಟೇ ಶ್ರೇಷ್ಠವಾಗಿದ್ದರೂ, ಈ ಬಾಗಿಲನ್ನು ತೆರೆಯುವುದಿಲ್ಲ. ಹಾಗೆಯೇ ಎರಡು ವರ್ಷ ಪುಸ್ತಕ ಓದಿ ಪ್ರಬಂಧ ಬರೆದರೂ, ಸುತ್ತಿಗೆ ಹಿಡಿಯದ ಕೈಗೆ ರಂಗಸಜ್ಜಿಕೆ ಬರುವುದಿಲ್ಲ. ನಮ್ಮ ವಿಭಾಗಗಳಲ್ಲಿ ಒಳ್ಳೆಯ ಕಾರ್ಯಾಗಾರ ಕಡಿಮೆ, ದೀಪಗಳು ಕಡಿಮೆ. ಇದನ್ನು ಒಳಗಿನವನಾಗಿ ನೋವಿನಿಂದಲೇ ಬರೆಯುತ್ತಿದ್ದೇನೆ.

ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಲ್ಲಿ ಪ್ರದರ್ಶನ ಕಲೆಗಳ ವಿಭಾಗವಿದೆ. ಮೈಸೂರಿನಲ್ಲಿ ಸಂಗೀತ ಮತ್ತು ಪ್ರದರ್ಶಕ ಕಲೆಗಳಿಗೆಂದೇ ಸ್ಥಾಪಿಸಿದ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯವಿದೆ. ಹೊರಗೆ ಹೋಗುವ ಮನಸ್ಸಿದ್ದರೆ ಹೈದರಾಬಾದ್ ವಿಶ್ವವಿದ್ಯಾಲಯದ ರಂಗಕಲೆಯ ವಿಭಾಗವನ್ನು ನೋಡಿ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಮೂರು ವರ್ಷದ ಕಲಿಕೆ, ಆಯ್ಕೆಯಾದವರಿಗೆ ವಿದ್ಯಾರ್ಥಿವೇತನ. ಬಿ.ವಿ. ಕಾರಂತರು 1977ರಿಂದ 1981ರವರೆಗೆ ನಿರ್ದೇಶಕರಾಗಿದ್ದ ಶಾಲೆ ಅದು. ಪದವಿಯ ಜೊತೆಗೆ ಕನಿಷ್ಠ ಆರು ನಾಟಕಗಳಲ್ಲಿ ತೊಡಗಿಕೊಂಡ ಅನುಭವವನ್ನು ಅದು ಕೇಳುತ್ತಾ ಬಂದಿದೆ. ನಿಮ್ಮ ಲೆಕ್ಕದಲ್ಲಿ ಈಗ ಮೂರಿವೆ. ಹಿಂದಿ, ಇಂಗ್ಲಿಷ್ ಎರಡೂ ಬೇಕಾಗುತ್ತವೆ. ಅದೇ ಶಾಲೆಯ ಬೆಂಗಳೂರು ಕೇಂದ್ರದಲ್ಲಿ, ಮೈಸೂರಿನ ರಂಗಾಯಣದಲ್ಲಿ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಕೂಡ ರಂಗಶಿಕ್ಷಣ ನಡೆಯುತ್ತದೆ. ಸಾಣೇಹಳ್ಳಿಯದು ನಿಮಗೆ ಹತ್ತಿರ. ಆ ವರ್ಷದ ಪ್ರಕಟಣೆಯನ್ನು ನೀವೇ ಓದಿ, ಇನ್ನೊಬ್ಬರು ಹೇಳಿದ್ದನ್ನು ನಂಬಿ ಅರ್ಜಿ ಹಾಕಬೇಡಿ.

ಸಂದರ್ಶನದಲ್ಲಿ ಏನು ಕೇಳುತ್ತಾರೆಂದು ಚಿಂತಿಸುತ್ತಿದ್ದೀರೇನೋ. ನಾನು ಸಂದರ್ಶನಕ್ಕೆ ಕುಳಿತಾಗಲೆಲ್ಲ ಹುಡುಗರು ಬಾಯಿಪಾಠ ಮಾಡಿದ ಸ್ವಗತ ಒಪ್ಪಿಸುತ್ತಾರೆ, ಧ್ವನಿ ನಡುಗುತ್ತದೆ. ನೀವು ಮಾಡಿದ ಸಜ್ಜಿಕೆಯ ನಕ್ಷೆ ತನ್ನಿ. ಅಳತೆ ಹಾಕಿದ ಒಂದು ಹಾಳೆ ಸಾಕು: ವೇದಿಕೆಯ ಅಗಲ ಎಷ್ಟು, ಬಾಗಿಲು ಎಲ್ಲಿ ನಿಂತಿತ್ತು, ಯಾವ ದೀಪ ಎಲ್ಲಿಂದ ಬಿದ್ದಿತು. ಯಾವುದು ಕೆಟ್ಟುಹೋಯಿತು, ಏಕೆ ಎಂಬುದನ್ನೂ ಬರೆದಿಡಿ. ಹಾಗೆ ಬರೆದು ತಂದ ವಿದ್ಯಾರ್ಥಿಯನ್ನು ನಾನು ಬರಿಗೈಯಲ್ಲಿ ಕಳಿಸಿದ್ದಿಲ್ಲ.

— ಅಧ್ಯಾಪಕ, ಬೆಂಗಳೂರು

ಹಾವೇರಿಯ ಅಂಗಡಿ ಯಜಮಾನರಿಗೆ ನಮಸ್ಕಾರಗಳು,

ಈ ಪತ್ರ ನಿಮಗೆ, ನಿಮ್ಮ ಮಗಳಿಗಲ್ಲ. ನನ್ನದು ದಾವಣಗೆರೆಯಲ್ಲಿ ಬಟ್ಟೆ ಅಂಗಡಿ. ನನ್ನ ಮಗಳೂ ನಾಟಕ ಓದುತ್ತೇನೆ ಎಂದಾಗ ಎಂಟು ತಿಂಗಳು ಅವಳ ಜೊತೆ ಸರಿಯಾಗಿ ಮಾತನಾಡಲಿಲ್ಲ. ತಾಯಿ ನಡುವೆ ನಿಂತು ಕಳಿಸಿದಳು. ಆ ಎಂಟು ತಿಂಗಳು ನನಗೆ ಇನ್ನು ಸಿಗುವುದಿಲ್ಲ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಅವಳು ವಸ್ತ್ರವಿನ್ಯಾಸ ಹಿಡಿದಳು. ಒಂದು ದಿನ ಫೋನ್ ಮಾಡಿ ‘ಅಪ್ಪಾ, ಅರವತ್ತು ಮೀಟರ್ ಕೋರಾ ಬಟ್ಟೆ ಬೇಕು, ತಂಡದ ಹಣ ಬರುವವರೆಗೆ ಉದ್ದರಿ ಕೊಡುತ್ತೀಯಾ?’ ಎಂದಳು. ಮಗಳಿಗೆ ಉದ್ದರಿ ಬರೆಯುವುದೇ ಎಂದು ಮನಸ್ಸು ಕಸಿವಿಸಿಯಾಯಿತು. ಆದರೂ ಬರೆದುಕೊಂಡೆ, ಅವಳೇ ಬರೆಯಿರಿ ಎಂದಳು. ಹೇಳಿದ ದಿನಕ್ಕೆ ಎರಡು ದಿನ ಮೊದಲೇ ಹಣ ಬಂತು. ನಾಟಕ ನೋಡಲು ಹೋದೆ. ನಮ್ಮ ಅಂಗಡಿಯ ಕೋರಾ ಬಟ್ಟೆ ಅರಿಶಿನ, ಕಾವಿ, ನೀಲಿಯಾಗಿ ವೇದಿಕೆಯ ತುಂಬ ಓಡಾಡುತ್ತಿತ್ತು. ಕಥೆ ಏನೆಂದು ಇವತ್ತು ಕೇಳಿದರೆ ಹೇಳಲಾರೆ, ಬಟ್ಟೆಯನ್ನೇ ನೋಡುತ್ತಾ ಕುಳಿತಿದ್ದೆ. ಆಟ ಮುಗಿದ ಮೇಲೆ ಅವಳು ತನ್ನ ಲೆಕ್ಕದ ಪುಸ್ತಕ ತೋರಿಸಿದಳು. ದಾರ, ಗುಂಡಿ, ಬಣ್ಣ, ಇಸ್ತ್ರಿಯವನ ಕೂಲಿ, ಉಳಿದ ತುಂಡುಗಳ ಅಳತೆ. ನಮ್ಮ ಗುಮಾಸ್ತನೂ ಅಷ್ಟು ಒಪ್ಪವಾಗಿ ಬರೆಯುವುದಿಲ್ಲ.

ಆದಾಯ ಏರಿಳಿಯುತ್ತದೆ, ಸುಳ್ಳು ಹೇಳುವುದಿಲ್ಲ. ಮಳೆಗಾಲದಲ್ಲಿ ಕೆಲಸ ಕಡಿಮೆ, ಆಗ ಮನೆಗೆ ಬಂದು ಅಂಗಡಿಯಲ್ಲಿ ಕುಳಿತುಕೊಳ್ಳುತ್ತಾಳೆ. ನಮ್ಮ ವ್ಯಾಪಾರವೂ ಹಾಗೆಯೇ ಅಲ್ಲವೇ, ಆಷಾಢದಲ್ಲಿ ಯಾರು ಸೀರೆ ಕೊಳ್ಳುತ್ತಾರೆ?

ನಿಮ್ಮ ಮಗಳು ಎರಡು ನಾಟಕಗಳಿಗೆ ಸಜ್ಜಿಕೆ ಕಟ್ಟಿದ್ದಾಳಂತೆ. ಮರ, ಮೊಳೆ, ಬಟ್ಟೆಗೆ ಎಷ್ಟು ಖರ್ಚಾಯಿತು, ಎಲ್ಲಿ ಉಳಿಸಿದಳು ಎಂದು ಇವತ್ತು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅವಳನ್ನು ಕೂರಿಸಿಕೊಂಡು ಕೇಳಿ.

— ಒಬ್ಬ ತಂದೆ, ದಾವಣಗೆರೆ