ಪಾಶ್ಚಾತ್ಯ ಸಂಗೀತದ ಇತಿಹಾಸ ಓದೋಕೆ ಪಿಯಾನೋ ಬರಲೇಬೇಕಾ?

ಪ್ರಶ್ನೆ: ನಮಸ್ಕಾರ ಮೇಡಂ. ಮೈಸೂರಲ್ಲಿ ಬಿ.ಎ. ಕೊನೇ ವರ್ಷ, ಇತಿಹಾಸ. ಕರ್ನಾಟಕ ಸಂಗೀತದಲ್ಲಿ ಸೀನಿಯರ್ ಆಗಿದೆ, ಕೀಬೋರ್ಡ್ ಅಷ್ಟಕ್ಕಷ್ಟೆ. ಜರ್ಮನಿಯಲ್ಲಿ ಪಾಶ್ಚಾತ್ಯ ಸಂಗೀತದ ಇತಿಹಾಸ ಓದೋ ಆಸೆ. ನುಡಿಸಿ ತೋರಿಸಬೇಕಾ? ತರಗತೀಲಿ ಏನು ಮಾಡಿಸ್ತಾರೆ? ಅಪ್ಪ “ಹಾಡು ಕೇಳೋಕೆ ಅಷ್ಟು ದೂರ ಯಾಕೆ” ಅಂತಾರೆ.

ಉತ್ತರ: ನುಡಿಸೋ ಪರೀಕ್ಷೆ ಇರೋದು ವಾದಕರನ್ನು ತಯಾರು ಮಾಡೋ ಸಂಗೀತ ಕಾಲೇಜುಗಳಲ್ಲಿ. ವಿಶ್ವವಿದ್ಯಾಲಯದ ಸಂಗೀತಶಾಸ್ತ್ರ ವಿಭಾಗದಲ್ಲಿ ಸಾಮಾನ್ಯವಾಗಿ ಅದನ್ನ ಕೇಳಲ್ಲ. ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಗಳ ಮೇಲೆ ಸ್ವರ ಬರೆಯೋ ಪದ್ಧತಿ, ಓದೋಕೆ ಬರಬೇಕು, ಜರ್ಮನ್ ಚೆನ್ನಾಗಿ ಬರಬೇಕು. ಎಂ.ಎ.ಗೆ ಎಷ್ಟೋ ಕಡೆ ಅದೇ ವಿಷಯದ ಪದವಿ ಕೇಳ್ತಾರೆ, ಹಾಗಾಗಿ ಅರ್ಜಿ ಹಾಕೋ ಮೊದಲೇ ವಿಭಾಗಕ್ಕೆ ಬರೆದು ವಿಚಾರಿಸಿ.

ಇನ್ನು ಅಪ್ಪನ ಮಾತು. ಇದು ಬರೀ ಹಾಡು ಕೇಳೋದಲ್ಲ, ಒಂದು ಉದಾಹರಣೆ ನೋಡಿ. ಜರ್ಮನ್ ಸಂಗೀತ ರಚನಕಾರ ಬಾಖ್ 1723ರಿಂದ 1750ರಲ್ಲಿ ತೀರಿಕೊಳ್ಳೋವರೆಗೂ ಜರ್ಮನಿಯ ಲೈಪ್ಜಿಗ್ ನಗರದಲ್ಲಿದ್ದ. ಚರ್ಚಿನ ಭಾನುವಾರದ ಆರಾಧನೆಗೆಂದು ಅವನು ಬರೆದ ಗಾಯನಕೃತಿಗಳೇ ಕ್ಯಾಂಟಾಟಾ. ಅದರಲ್ಲಿ ಸ್ತುತಿಗೀತೆ ಆಧರಿಸಿದ ಒಂದು ದೊಡ್ಡ ಗುಂಪು ಅವನ ಮಾಗಿದ ವಯಸ್ಸಿನದು ಅಂತ 19ನೇ ಶತಮಾನದಲ್ಲಿ ಅವನ ಜೀವನಚರಿತ್ರೆಕಾರ ಫಿಲಿಪ್ ಸ್ಪಿಟ್ಟಾ ಬರೆದ, ಎಲ್ಲರೂ ನಂಬಿದರು. 1950ರ ದಶಕದಲ್ಲಿ ಡ್ಯೂರ್, ಡಾಡೆಲ್ಸೆನ್ ಅನ್ನೋ ಇಬ್ಬರು ವಿದ್ವಾಂಸರು ಹಸ್ತಪ್ರತಿಗಳ ವಾಟರ್‌ಮಾರ್ಕನ್ನೂ (ಕಾಗದ ತಯಾರಿಸುವಾಗಲೇ ಅದರಲ್ಲಿ ಮೂಡಿಸೋ ಗುರುತು) ನಕಲುಗಾರರ ಕೈಬರಹವನ್ನೂ ಹಾಳೆಹಾಳೆಯಾಗಿ ತಾಳೆ ನೋಡಿದರು. ಲೆಕ್ಕ ತಲೆಕೆಳಗು! ಆ ಗುಂಪಿನ ಬಹುಪಾಲು 1724–25ರದ್ದು. ಅಂದರೆ ನಲವತ್ತರ ಆಸುಪಾಸಿನ ಮನುಷ್ಯ ವಾರವಾರವೂ ಬರೆದು, ತಾಲೀಮು ಮಾಡಿಸಿ, ಹಾಡಿಸಿದ್ದು. ಹಾಗಾದರೆ ಆಮೇಲಿನ ವರ್ಷಗಳಲ್ಲಿ ಅವನೇನು ಮಾಡ್ತಿದ್ದ? 1729ರಿಂದ ವಿದ್ಯಾರ್ಥಿಗಳ ವಾದ್ಯಮೇಳವೊಂದನ್ನು ನಡೆಸ್ತಿದ್ದ, ಕಛೇರಿ ಕಾಫಿ ಹೋಟೆಲಿನಲ್ಲಿ. ಬರೀ ಭಕ್ತ ಅಂದುಕೊಂಡಿದ್ದವನ ಚಿತ್ರವೇ ಬದಲಾಯ್ತು. ತರಗತೀಲಿ ಮಾಡಿಸೋದು ಇಂಥ ಕೆಲಸ.

ಇನ್ನೊಬ್ಬರ ಪ್ರಶ್ನೆ: ನಮಗೆ ಕಿವಿಪಾಠವೇ ಅಭ್ಯಾಸ. ಸ್ಕೋರ್ (ಎಲ್ಲ ದನಿಗಳ ಸ್ವರಲಿಪಿ ಒಟ್ಟಿಗೆ ಇರೋ ಪ್ರತಿ) ಓದೋದು ಎಲ್ಲಿಂದ ಶುರು ಮಾಡಲಿ?

ಉತ್ತರ: ದೊಡ್ಡ ವಾದ್ಯವೃಂದಕ್ಕೆ ಬರೆದ ಸಿಂಫನಿಗೆ ಈಗಲೇ ಕೈ ಹಾಕಬೇಡಿ. ಬಾಖ್‌ನ ನಾಲ್ಕು ದನಿಯ ಒಂದು ಕೋರಾಲ್, ಅಂದರೆ ಚರ್ಚಿನ ಸ್ತುತಿಗೀತೆ, ತಗೊಳ್ಳಿ. ಕೆಳಗಿನ ಸಾಲನ್ನು ಹಾಡಿಕೊಳ್ಳಿ, ಆಮೇಲೆ ಅದನ್ನೇ ಕೀಬೋರ್ಡಲ್ಲಿ ನುಡಿಸ್ತಾ ಮೇಲಿನ ಸಾಲು ಹಾಡಿ. ಹಾಡುವವರು ಎಡವೋದು ಇಲ್ಲೇ: ನಮ್ಮ ಷಡ್ಜ ಶ್ರುತಿ ಇಟ್ಟಲ್ಲಿಗೆ ಬರುತ್ತೆ, ಅವರ ‘ಸಿ’ ಕೂತಲ್ಲೇ ಕೂತಿರುತ್ತೆ. ಬಾಖ್ ಡಿಜಿಟಲ್ ತಾಣದಲ್ಲಿ ಹಸ್ತಪ್ರತಿಗಳ ಚಿತ್ರ ಪುಕ್ಕಟೆ ಸಿಗುತ್ತೆ, ಅವನ ಕೈಬರಹ ಒಮ್ಮೆ ನೋಡಿ.

ಮೊದಲು ಕೇಳಿದವರು: ಥ್ಯಾಂಕ್ಸ್ ಮೇಡಂ. ಫೀಸು?

ಉತ್ತರ: ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿನ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1500 ಯೂರೋ. ದುಡ್ಡು ಹೋಗೋದು ರೂಮು, ಊಟಕ್ಕೆ. ಅಪ್ಪನ ಹತ್ತಿರ ಆ ಲೆಕ್ಕ ಇಟ್ಟುಕೊಂಡೇ ಮಾತಾಡಿ.