ಲೇತ್ ಯಂತ್ರದಲ್ಲಿ ಲೋಹವನ್ನು ‘ಕಡೆಯುವುದು’ ಸರಿಯೇ? ಜೊತೆಗೆ ‘ಮಟ್ಟ’ ಮತ್ತು ‘ಕೋವಿ’ಯ ಬಗ್ಗೆ

ಮಾನ್ಯರೇ,

ನಾನು ಅಮೆರಿಕದ ಒಹಾಯೊ ರಾಜ್ಯದಲ್ಲಿ ನೆಲೆಸಿದ್ದೇನೆ. ನನ್ನ ನೆರೆಮನೆಯ ಹಿರಿಯರೊಬ್ಬರು ತಮ್ಮ ಹಳೆಯ ಬೇಟೆ ಕೋವಿಗಳನ್ನು ಮನೆಯಲ್ಲಿಯೇ ದುರಸ್ತಿ ಮಾಡಿಕೊಳ್ಳುವ ಹವ್ಯಾಸಕ್ಕಾಗಿ ಕಳೆದ ವರ್ಷ ಸೌತ್ ಬೆಂಡ್ ಕಂಪನಿಯ ಹಳೆಯ ಲೇತ್ (ಲೋಹದ ತುಂಡನ್ನು ತಿರುಗಿಸುತ್ತ ಉಳಿಯಿಂದ ರೂಪಿಸುವ ಯಂತ್ರ) ಒಂದನ್ನು ಕೊಂಡು ತಂದರು. ಅದನ್ನು ಬಿಚ್ಚಿ, ತೊಳೆದು, ಗ್ಯಾರೇಜಿನ ನೆಲದ ಮೇಲೆ ಕೂರಿಸುವ ಕೆಲಸದಲ್ಲಿ ನಾನೂ ಕೈಜೋಡಿಸಿದ್ದೆ. ಆ ಅನುಭವವನ್ನು ಕನ್ನಡದಲ್ಲಿ ಬರೆಯಲು ಕುಳಿತಾಗ ಮೂರು ಕಡೆ ಪದಗಳು ಕೈಕೊಟ್ಟವು. ಬಲ್ಲವರು ತಿದ್ದಬೇಕೆಂದು ಕೋರಿ ಅವನ್ನು ಮುಂದಿಡುತ್ತಿದ್ದೇನೆ.

ಮೊದಲನೆಯದು ಕ್ರಿಯಾಪದದ ಪ್ರಶ್ನೆ. ತಿರುಗುತ್ತಿರುವ ಲೋಹದ ತುಂಡಿಗೆ ಉಳಿಯನ್ನು ಒತ್ತಿ, ಅದನ್ನು ದುಂಡಗೆ ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಏನೆನ್ನಬೇಕು? ನನ್ನ ತಂದೆಯವರು ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಟರ್ನರ್, ಎಂದರೆ ಲೇತ್ ನಡೆಸುವವರು, ಆಗಿದ್ದರು. ಅವರೂ ಅವರ ಸಂಗಡಿಗರೂ ‘ಟರ್ನಿಂಗ್ ಹೊಡಿ’, ‘ಥ್ರೆಡ್ ಹೊಡಿ’ ಎನ್ನುತ್ತಿದ್ದರು. 1953ರಲ್ಲಿ ಎಚ್‌ಎಂಟಿ (ಹಿಂದೂಸ್ತಾನ್ ಮಷಿನ್ ಟೂಲ್ಸ್) ಆರಂಭವಾದ ಮೇಲೆ ಲೇತ್‌ಗಳನ್ನೇ ತಯಾರಿಸುವ ಊರಾಯಿತು ಬೆಂಗಳೂರು; ಹಾಗಿದ್ದರೂ ಕಾರ್ಮಿಕರ ಬಾಯಲ್ಲಿ ಇಂಗ್ಲಿಷಿನ ಹೆಸರುಗಳೇ ಕನ್ನಡದ ‘ಹೊಡಿ’ಯನ್ನು ಬಾಲದಂತೆ ಅಂಟಿಸಿಕೊಂಡು ಉಳಿದವು. ಪಠ್ಯಗಳಲ್ಲಿ ಬರುವ ‘ತಿರುಗಿಸುವುದು’ ನನಗೆ ಒಪ್ಪಿಗೆಯಾಗುವುದಿಲ್ಲ, ಏಕೆಂದರೆ ಅದು ಯಂತ್ರ ಮಾಡುವ ಚಲನೆಯನ್ನು ಮಾತ್ರ ಹೇಳುತ್ತದೆಯೇ ಹೊರತು ಉಳಿ ಮಾಡುವ ಕೆಲಸವನ್ನು ಹೇಳುವುದಿಲ್ಲ. ‘ಹೆರೆಯುವುದು’ ಉಳಿಯ ಕೆಲಸವನ್ನು ಹೇಳುತ್ತದೆ, ಆದರೆ ಅಲ್ಲಿ ತಿರುಗುವಿಕೆಯ ಸುಳಿವಿಲ್ಲ. ತೆಂಗಿನಕಾಯಿಯನ್ನೂ ಹೆರೆಯುತ್ತೇವೆ, ಮರದ ಹಲಗೆಯನ್ನೂ ಹೆರೆಯುತ್ತೇವೆ.

ಎರಡನ್ನೂ ಒಟ್ಟಿಗೆ ಹಿಡಿಯುವ ಪದವೊಂದು ನಮ್ಮಲ್ಲಿ ಹಿಂದಿನಿಂದಲೂ ಇದೆ, ಅದು ‘ಕಡೆ’. ಮೊಸರು ಕಡೆಯುತ್ತೇವೆ, ಅರಣಿಯನ್ನು ಕಡೆದು ಬೆಂಕಿ ತೆಗೆಯುತ್ತೇವೆ, ಮರವನ್ನು ಚರಕಿಗೆ (ಮರಗೆಲಸದ ಲೇತ್‌ಗೆ) ಹಾಕಿ ಕಡೆಯುತ್ತೇವೆ. ಮೂರೂ ಬೇರೆ ಬೇರೆ ಕೆಲಸಗಳಂತೆ ಕಂಡರೂ, ಹಳೆಯ ಕಾಲದ ಬಿಲ್ಲಿನ ಚರಕಿಯನ್ನು ಒಮ್ಮೆ ನೆನಪಿಗೆ ತಂದುಕೊಂಡರೆ ಅವುಗಳ ನಂಟು ತಿಳಿಯುತ್ತದೆ. ಕಡೆಗೋಲಿಗೆ ಹಗ್ಗ ಸುತ್ತಿ ಎರಡು ಕೈಗಳಿಂದ ಎಳೆದರೆ ಅದು ಒಮ್ಮೆ ಅತ್ತ, ಒಮ್ಮೆ ಇತ್ತ ಸುತ್ತುತ್ತದೆ. ಅರಣಿಯ ಕೋಲೂ ಹಾಗೆಯೇ. ಬಿಲ್ಲಿನ ಹೆದೆಯನ್ನು ಸುತ್ತಿಕೊಂಡ ಮರದ ತುಂಡೂ ಹಾಗೆಯೇ. ಒಂದೇ ಚಲನೆ, ಆದ್ದರಿಂದ ಒಂದೇ ಕ್ರಿಯಾಪದ. ತಮಿಳಿನಲ್ಲಿಯೂ ‘ಕಡೈ’ ಎಂಬ ಧಾತು ಮೊಸರಿಗೂ ಚರಕಿಗೂ ಸಲ್ಲುತ್ತದೆ ಎಂಬುದನ್ನು ನೋಡಿದರೆ ಈ ಎರಡು ಅರ್ಥಗಳ ನಂಟು ಇತ್ತೀಚಿನದಲ್ಲವೆಂದು ತೋರುತ್ತದೆ. ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಚರಕಿಗೆ ಕೊಟ್ಟು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಬೊಂಬೆ ಮಾಡುವ ಕೆಲಸಕ್ಕೂ, ಬೇಲೂರು ಹಳೇಬೀಡುಗಳ ಬಳಪದ ಕಲ್ಲಿನ ನುಣುಪಾದ ದುಂಡು ಕಂಬಗಳಿಗೂ ನಾನು ಸಂಕೋಚವಿಲ್ಲದೆ ‘ಕಡೆದ’ ಎಂದು ಬರೆಯಬಲ್ಲೆ.

ಹಾಗಾದರೆ ಉಕ್ಕಿಗೆ ಏಕೆ ಹಿಂಜರಿಕೆ? ಎರಡು ತೊಡಕುಗಳಿವೆ. ‘ಕಡೆಯುವ ಯಂತ್ರ’ ಎಂದು ಬರೆದರೆ ಇಂದಿನ ಓದುಗರು ಮಜ್ಜಿಗೆಯ ಯಂತ್ರವನ್ನು ನೆನೆಯುತ್ತಾರೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ‘ಕಡೆದಿಟ್ಟ ವಿಗ್ರಹದಂತೆ’ ಎಂಬ ಮಾತಿನ ಮೂಲಕ ‘ಕಡೆ’ಯು ‘ಕೆತ್ತು’ವಿನ ಸಮಾನಪದವಾಗಿ, ತಿರುಗುವಿಕೆಯ ಅರ್ಥವನ್ನೇ ಬಹುಪಾಲು ಕಳೆದುಕೊಂಡಿದೆ. ಅಮೆರಿಕದ ಇತಿಹಾಸದಲ್ಲಿ ಇದಕ್ಕೆ ತದ್ವಿರುದ್ಧವಾದ ಪ್ರಸಂಗವೊಂದಿದೆ: ಥಾಮಸ್ ಬ್ಲಾಂಚರ್ಡ್ ಎಂಬವರು 1819ರ ಸುಮಾರಿಗೆ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರಕ್ಕಾಗಿ ರೂಪಿಸಿದ ಯಂತ್ರವು, ದುಂಡಗಿಲ್ಲದ ಕೋವಿಯ ಮರದ ಹಿಡಿಯನ್ನೂ ಒಂದು ಮಾದರಿಯನ್ನು ಅನುಸರಿಸುತ್ತ ತಿರುಗಿಸಿಯೇ ರೂಪಿಸುತ್ತಿತ್ತು. ಕೆತ್ತಬೇಕಾದ ವಸ್ತುವನ್ನು ಕಡೆದ ಯಂತ್ರವದು. ಈ ವಾಕ್ಯವನ್ನು ‘ಕಡೆ’ ಮತ್ತು ‘ಕೆತ್ತು’ಗಳ ಭೇದವನ್ನು ಉಳಿಸಿಕೊಳ್ಳದೆ ಕನ್ನಡದಲ್ಲಿ ಹೇಳಲಾಗುವುದೇ ಇಲ್ಲ. ಆದುದರಿಂದ ಯಂತ್ರಕ್ಕೆ ‘ಲೇತ್’ ಎಂಬ ಹೆಸರನ್ನೇ ಉಳಿಸಿ, ಕೆಲಸಕ್ಕೆ ಮಾತ್ರ ‘ಲೇತ್‌ನಲ್ಲಿ ಕಡೆಯುವುದು’ ಎಂದು ಬರೆಯುವುದು ಸರಿಯೆಂದು ನನ್ನ ಎಣಿಕೆ. ಒಳಗಿನ ತೂತನ್ನು ಹಿಗ್ಗಿಸುವ ಕೆಲಸಕ್ಕೂ ‘ಕಡೆ’ ಒಪ್ಪುವುದೇ, ಅಥವಾ ಅಲ್ಲಿ ‘ಕೊರೆ’ ಎಂದೇ ಹೇಳಬೇಕೇ ಎಂಬುದು ನನಗೆ ಇತ್ಯರ್ಥವಾಗಿಲ್ಲ.

ಯಂತ್ರದ ಇತರ ಭಾಗಗಳ ಬಗ್ಗೆ ನನಗೆ ಹೆಚ್ಚು ತಕರಾರಿಲ್ಲ. ಚಕ್ (ತುಂಡನ್ನು ಕಚ್ಚಿ ಹಿಡಿಯುವ ಭಾಗ), ಬೆಡ್ (ಉದ್ದನೆಯ ತಳಭಾಗ), ಟೇಲ್‌ಸ್ಟಾಕ್ (ಇನ್ನೊಂದು ತುದಿಯ ಆಸರೆ) ಎಂದೇ ಬರೆದಿದ್ದೇನೆ. ಚಕ್ಕನ್ನು ಹೊತ್ತು ತಿರುಗುವ ಅಚ್ಚಾದ ಸ್ಪಿಂಡಲ್‌ಗೆ ಮಾತ್ರ ರಾಟೆಯ ‘ಕದಿರು’ ಎಂಬ ಪದವನ್ನು ಎರವಲು ತಂದಿದ್ದೇನೆ. ಕೋವಿಯ ಕೆಲಸಕ್ಕೆ ಲೇತ್ ಕೊಳ್ಳುವವರು ಮೊದಲು ನೋಡುವುದೇ ಆ ಕದಿರಿನ ಒಳತೂತನ್ನು, ಏಕೆಂದರೆ ನಳಿಗೆಯು ಅದರೊಳಗೆ ಹಾದುಹೋಗಬೇಕು. ನೆರೆಯವರು ಕೊಂಡ ಯಂತ್ರದಲ್ಲಿ ಆ ತೂತು ಸುಮಾರು 35 ಮಿಲಿಮೀಟರ್ ಇದೆ.

ಎರಡನೆಯ ಪ್ರಶ್ನೆ ನನ್ನನ್ನು ಹೆಚ್ಚು ಕಾಡಿದ್ದು. ಲೇತ್ ಕೂರಿಸುವಾಗ ಅದನ್ನು ‘ಲೆವೆಲ್’ ಮಾಡಬೇಕು ಎನ್ನುತ್ತಾರೆ. ಮೇಸ್ತ್ರಿಗಳ ರಸಮಟ್ಟ ನಮಗೆಲ್ಲ ಪರಿಚಿತವಾದ್ದರಿಂದ ನಾನು ಮೊದಲು ‘ಮಟ್ಟ ಮಾಡುವುದು’ ಎಂದು ಬರೆದೆ. ಆದರೆ ಎರಡು ದಿನ ಕಾಲುಗಳ ಕೆಳಗೆ ತೆಳುತಗಡು ಇಡುತ್ತ, ತೆಗೆಯುತ್ತ ಕಳೆದ ಮೇಲೆ ಆ ಮಾತು ಓದುಗರ ದಾರಿ ತಪ್ಪಿಸುತ್ತದೆ ಎಂದು ಮನವರಿಕೆಯಾಯಿತು. ಮೇಸ್ತ್ರಿಗೆ ಬೇಕಾಗಿರುವುದು ನೀರಿನ ಮಟ್ಟಕ್ಕೆ ಸಮನಾದ ಗೋಡೆಯ ಸಾಲು. ಲೇತ್‌ಗೆ ಅದು ಬೇಕಿಲ್ಲ. ಕಡಲಿನಲ್ಲಿ ತೊನೆಯುವ ಹಡಗುಗಳಲ್ಲಿಯೂ ಲೇತ್‌ಗಳು ನಿಖರವಾಗಿಯೇ ಕೆಲಸ ಮಾಡುತ್ತವೆ. ಬೇಕಾಗಿರುವುದು ಉದ್ದನೆಯ ಎರಕದ ಬೆಡ್ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದಿಷ್ಟೂ ತಿರುಚದೆ ಇರುವುದು. ತಿರುಚಿದರೆ ಉಳಿಯ ದಾರಿ ಕದಿರಿನ ಅಕ್ಷಕ್ಕೆ ಸಮಾನಾಂತರವಾಗಿ ಉಳಿಯುವುದಿಲ್ಲ, ಕಡೆದ ಸರಳು ಒಂದು ತುದಿಯಲ್ಲಿ ದಪ್ಪ, ಇನ್ನೊಂದರಲ್ಲಿ ಸಣ್ಣದಾಗುತ್ತದೆ. ಸೂಕ್ಷ್ಮವಾದ ರಸಮಟ್ಟವನ್ನು ಬೆಡ್‌ನ ಎರಡೂ ತುದಿಗಳಲ್ಲಿ ಅಡ್ಡಲಾಗಿಟ್ಟು ಗುಳ್ಳೆ ಎರಡೂ ಕಡೆ ಒಂದೇ ಜಾಗದಲ್ಲಿ ನಿಲ್ಲುವಂತೆ ಮಾಡುವುದು ಆ ತಿರುಚನ್ನು ತೆಗೆಯುವ ಉಪಾಯವಷ್ಟೇ. ಆದ್ದರಿಂದ ‘ತಿರುಚು ತೆಗೆಯುವುದು’ ಎಂದು ಬದಲಿಸಿದ್ದೇನೆ. ಬಡಗಿಗಳು ಬಳಕಿದ ಹಲಗೆಯನ್ನು ಸರಿಪಡಿಸುವಾಗ ಇದಕ್ಕಿಂತ ಚೆನ್ನಾದ ಮಾತನ್ನು ಆಡುತ್ತಿದ್ದರೆ ದಯವಿಟ್ಟು ತಿಳಿಸಿ.

ಮೂರನೆಯದು ಕೋವಿ ದುರಸ್ತಿ ಮಾಡುವ ಆ ಹವ್ಯಾಸಿಯನ್ನು ಏನೆಂದು ಕರೆಯಬೇಕೆಂಬುದು. ಕನ್ನಡದಲ್ಲಿ ಬಂದೂಕು, ತುಪಾಕಿ, ಕೋವಿ ಎಂಬ ಮೂರು ಪದಗಳಿವೆ. ಅವುಗಳಲ್ಲಿ ಮೊದಲೆರಡು ಪರಭಾಷೆಯಿಂದ ಬಂದವು. ಕೊಳವೆ ಎಂಬ ಅರ್ಥವೂ ಇರುವ ‘ಕೋವಿ’ ನಮ್ಮದೇ, ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಕೇಪಿನ ಕೋವಿ, ತೋಟಾ ಕೋವಿ, ಜೋಡುನಳಿಗೆ ಕೋವಿ ಎಂದು ಇಂದಿಗೂ ಜೀವಂತವಾಗಿದೆ. ಆದರೆ ‘ಕೋವಿಗಾರ’ ಎಂದರೆ ಕೋವಿ ಹಿಡಿದವನಾಗುತ್ತಾನೆ, ‘ಕೋವಿ ತಯಾರಕ’ ಎಂದರೆ ಕಾರ್ಖಾನೆಯಾಗುತ್ತದೆ. ಇಲ್ಲಿ ಕಾನೂನಿನ ಭಾರವೂ ಪದದ ಮೇಲಿದೆ. ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯ್ದೆಯಂತೆ ಇತರರ ಕೋವಿಗಳ ದುರಸ್ತಿಯನ್ನು ವೃತ್ತಿಯಾಗಿ ಮಾಡುವವರಿಗೆ ಒಕ್ಕೂಟ ಸರ್ಕಾರದ ಪರವಾನಗಿ ಬೇಕು, ತಮ್ಮದೇ ಕೋವಿಯನ್ನು ತಾವೇ ದುರಸ್ತಿ ಮಾಡಿಕೊಳ್ಳುವವರಿಗೆ ಅದು ಬೇಡ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ತಯಾರಿಕೆಗಷ್ಟೇ ಅಲ್ಲದೆ ದುರಸ್ತಿಗೂ ಪರವಾನಗಿ ಬೇಕು. ಕೊಡವರಿಗಿರುವ ಪರವಾನಗಿ ವಿನಾಯಿತಿಯು ಕೋವಿಯನ್ನು ಹೊಂದಿರುವುದಕ್ಕೆ ಸಂಬಂಧಿಸಿದ್ದು. ಹೀಗಾಗಿ ಕನ್ನಡದ ಪದವು ‘ತಯಾರಿಸುವವ’ ಎಂಬ ಧ್ವನಿಯನ್ನು ಹೊರಡಿಸಿದರೆ, ಊರಿನ ಓದುಗರು ಆ ಹಿರಿಯರನ್ನು ತಪ್ಪಿತಸ್ಥರೆಂದೇ ಭಾವಿಸಬಹುದು. ಅದು ಅವರಿಗೆ ನಾನು ಮಾಡುವ ಅನ್ಯಾಯವಾಗುತ್ತದೆ. ಸದ್ಯಕ್ಕೆ ‘ಕೋವಿ ದುರಸ್ತಿಯ ಹವ್ಯಾಸಿ’ ಎಂದು ಉದ್ದವಾಗಿಯೇ ಬರೆದಿದ್ದೇನೆ. ಕೊಡಗಿನಲ್ಲಿಯೋ ಮಲೆನಾಡಿನಲ್ಲಿಯೋ ಕೋವಿ ರಿಪೇರಿ ಮಾಡುತ್ತಿದ್ದ ಕುಶಲಕರ್ಮಿಗಳನ್ನು ಜನರು ಯಾವ ಹೆಸರಿನಿಂದ ಕರೆಯುತ್ತಿದ್ದರೆಂದು ಅಲ್ಲಿನ ಹಿರಿಯರಿಂದ ಕೇಳಿ ತಿಳಿದವರು ಯಾರಾದರೂ ಇದ್ದರೆ, ಆ ಪದವನ್ನೂ ಅದು ಬಳಕೆಯಲ್ಲಿದ್ದ ಊರನ್ನೂ ತಿಳಿಸಬೇಕಾಗಿ ವಿನಂತಿಸುತ್ತೇನೆ.